ಹಾಸಿಗೆ ಗೂಡಿನಲ್ಲೊಂದು ಬಾರು

ಇಪ್ಪತ್ಮೂರು ವರ್ಷ ಸ್ನಾನದ ತೊಟ್ಟಿಯ ಮುಚ್ಚಳ ಮಾರಿದವನ ಮುಖಕ್ಕೆ ಕೊನೆಕೊನೆಗೆ ಮುಚ್ಚಳದ ಕಳೆಯೇ ಬಂದುಬಿಡುತ್ತದಂತೆ. ಇದು ನನ್ನ ಹೆಂಡತಿ ಫುಸಾಯೆಯ ಸಂಶೋಧನೆ. ನಾನಿದನ್ನು ಒಪ್ಪುವುದಿಲ್ಲ. ಆದರೆ ತೊಟ್ಟಿಯ ಬಿಸಿನೀರು ಆರದಂತೆ ಹಾಕುವ ಮುಚ್ಚಳ ಮಾಡುವ ಒಸಾಕಾದ ನಮ್ಮ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಉಪಮ್ಯಾನೇಜರನಾಗಿ ಕೂತಲ್ಲೇ ಕೂತಿದ್ದ ನನ್ನ ಮೇಲೆ ಯಾರೋ ಒಂದು ಮುಚ್ಚಳ ಹಾಕಿ ಮರೆತುಬಿಟ್ಟಿದ್ದಾರೆ ಎಂಬ ಗುಮಾನಿ ನನಗೂ ಇತ್ತು.

ಮುಂದಿನ ಏಪ್ರಿಲಿಗೆ ಮ್ಯಾನೇಜರ್ ಹುದ್ದೆಗೆ ಒಬ್ಬರು ಬೇಕಾಗಿದ್ದರು. ಯಾರ ಹೆಸರು ಮೇಲೆ ಕಳಿಸಬೇಕೆಂಬುದು ದೊಡ್ಡ ಸಾಹೇಬರಾದ ನುಮಾಜಿರಿಯವರ ಕೈಯಲ್ಲಿತ್ತು. ನನ್ನ ಹಾಗೇ ಉಪಮ್ಯಾನೇಜರನಾಗಿದ್ದ ತೊಕುಮಾರು ಪ್ರತಿ ಭಾನುವಾರ ಸಾಹೇಬರ ಜೊತೆ ಗಾಲ್ಫ್ ಆಡುತ್ತಿದ್ದ. ನಾನೂ ಒಮ್ಮೆ ಹೋಗಿದ್ದೆ. ಚೆಂಡು ಇದ್ದಲ್ಲೇ ಇತ್ತು. ಕೋಲು ಮಾತ್ರ ಕೈತಪ್ಪಿ, ಬಹಳ ಸೊಗಸಾಗಿ ಹಾರಿ, ಕೊಳಕ್ಕೆ ಬಿತ್ತು. (ಕೋಲು ಸಾಹೇಬರದು.)

ಹೀಗಿರುವಾಗ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಒಂದು ವಾರಪತ್ರಿಕೆ ತಿರುವಿದೆ. "ಮನೆಯಲ್ಲೊಂದು ಬಾರು: ಇದು ಸಂಸ್ಕಾರವಂತ ಗೃಹಸ್ಥನ ಲಕ್ಷಣ" ಎಂದು ಬರೆದಿತ್ತು. ಚಿತ್ರದಲ್ಲಿ ಒಬ್ಬ ಗೃಹಸ್ಥ ರೇಷ್ಮೆ ಕೋಟು ತೊಟ್ಟು, ಬಾಟಲಿಗಳ ಮುಂದೆ ನಿಂತು, ಅತಿಥಿಗಳಿಗೆ ಬಣ್ಣದ ಪಾನೀಯ ಕೊಡುತ್ತಿದ್ದ. ಅವನ ಮುಖದಲ್ಲಿ ಮುಚ್ಚಳದ ಕಳೆ ಎಳ್ಳಷ್ಟೂ ಇರಲಿಲ್ಲ. ಸಾಹೇಬರನ್ನು ಇಂಥ ಬಾರಿಗೆ ಕರೆದರೆ ಗಾಲ್ಫ್ ಯಾವ ಲೆಕ್ಕ? ಅರ್ಧ ಕ್ಷೌರವಾಗಿದ್ದಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ.

ಮನೆಗೆ ಬಂದು ಮಹಾಯೋಜನೆಯನ್ನು ಹೆಂಡತಿಯ ಮುಂದೆ ಮಂಡಿಸಿದೆ.

"ಬಾರಾ? ಎಲ್ಲಿ?" ಎಂದಳು. ನಮ್ಮದು ಎರಡೇ ಕೋಣೆಯ ಮನೆ. ಒಂದರಲ್ಲಿ ಊಟ, ಇನ್ನೊಂದರಲ್ಲಿ ನಿದ್ದೆ.

"ಹಾಸಿಗೆ ಗೂಡಿನಲ್ಲಿ" ಎಂದೆ.

ಗೋಡೆಯೊಳಗಿನ ಆ ದೊಡ್ಡ ಗೂಡಿಗೆ ಸರಿಸುವ ಕಾಗದದ ಬಾಗಿಲು, ನಡುವೆ ಸೊಂಟದೆತ್ತರಕ್ಕೆ ಒಂದು ಹಲಗೆ. ಬೆಳಗ್ಗೆ ಎದ್ದು ಹಾಸಿಗೆ ಮಡಿಸಿ ಅದರಲ್ಲಿ ತುಂಬುವುದು ನಮ್ಮ ಪದ್ಧತಿ. ಆ ಹಲಗೆಯ ಹಿಂದಿನ ಅರ್ಧ ಕೊಯ್ದರೆ ಒಳಗೆ ಒಬ್ಬ ನಿಲ್ಲಬಹುದು. ಮುಂದಿನ ಅರ್ಧವೇ ಕಟ್ಟೆ. ಕಟ್ಟೆಯ ಹಿಂದೆ ನಾನು.

"ಮತ್ತೆ ಹಾಸಿಗೆ ಎಲ್ಲಿಡೋದ್ರೀ?"

"ಸ್ನಾನದ ತೊಟ್ಟಿಯಲ್ಲಿ. ಮೇಲೊಂದು ಮುಚ್ಚಳ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ."

"ಸ್ನಾನ?"

"ಬೀದಿ ಕೊನೆಯಲ್ಲಿ ಸಾರ್ವಜನಿಕ ಸ್ನಾನದ ಮನೆ ಇದೆಯಲ್ಲೇ."

ಫುಸಾಯೆ ಎದ್ದು ಹೋಗಿ ತೊಟ್ಟಿಯೊಳಗೆ ಇಣುಕಿ ಬಂದಳು. "ಮುಚ್ಚಳದ ಕಂಪನಿಯವರ ಮನೇಲಿ ತೊಟ್ಟಿಗೆ ಮುಚ್ಚಳ ಇದೆ, ನೀರಿಲ್ಲ. ಚೆನ್ನಾಗಿದೆ. ಮಾಡಿ, ಮಾಡಿ. ನಿಮ್ಮನ್ನ ಗೂಡಿನೊಳಗಿಟ್ಟು ಬಾಗಿಲೆಳೆಯೋ ಅನುಕೂಲ ಆದ್ರೂ ಆಗತ್ತೆ."

ಮರುದಿನವೇ ಗರಗಸದಿಂದ ಶಂಕುಸ್ಥಾಪನೆ ಮಾಡಿದೆ. ಒಳಗೆ ಹೋಗಲು ಕಟ್ಟೆಯ ಕೆಳಗೆ ಅಂಬೆಗಾಲಿಕ್ಕಿ ನುಸುಳಬೇಕು ಎಂಬುದೊಂದು ಸಣ್ಣ ದೋಷ. ಪತ್ರಿಕೆಯ ಗೃಹಸ್ಥ ಒಳಗೆ ಹೇಗೆ ಹೋದನೆಂದು ಚಿತ್ರದಲ್ಲಿ ಕಾಣುತ್ತಿರಲಿಲ್ಲ.

ಇನ್ನು ದಾಸ್ತಾನು. ಪತ್ರಿಕೆಯ ಪಟ್ಟಿಯಲ್ಲಿ ಹದಿನೆಂಟು ಬಗೆ ಇತ್ತು. ನಾನು ಅದರಲ್ಲಿ ಬಣ್ಣ ಚೆನ್ನಾಗಿದ್ದುದನ್ನು ಆರಿಸಿಕೊಂಡೆ: ಒಂದು ನೀಲಿ ಮದ್ಯ, ಒಂದು ಹಳದಿ, ಪುದೀನದ ಹಸಿರು ಷರಬತ್ತು, ಸಣ್ಣ ಡಬ್ಬದಲ್ಲಿ ಉಪ್ಪಿನ ಆಲಿವ್ ಕಾಯಿ, ಮಂಜುಗಡ್ಡೆ ಹಿಡಿಯುವ ಇಕ್ಕಳ, ಪಾನೀಯ ಬೆರೆಸಿ ಕುಲುಕಲು ಬೆಳ್ಳಿಯ ಹಾಗೆ ಹೊಳೆಯುವ ಡಬ್ಬಿ. ಜೊತೆಗೆ, ನೋಡಲು ಮಾತ್ರ, ಒಂದು ವಿಲಾಯತಿ ಸ್ಕಾಚ್. ಅಂಥದ್ದನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ, ಒರೆಸಿ ಒರೆಸಿ ಇಡುತ್ತಾರೆ.

ತಾಲೀಮಿನ ದಿನ ನೀಲಿಯನ್ನು ಡಬ್ಬಿಗೆ ಸುರಿದು ಕಿವಿಯ ಪಕ್ಕ ಹಿಡಿದು ಕುಲುಕಿದೆ. ಮೂರನೆಯ ಕುಲುಕಿಗೆ ಮುಚ್ಚಳ ಹಾರಿತು. ಕಾಗದದ ಬಾಗಿಲಿನ ಮೇಲೆ ಮೊರದಗಲ ನೀಲಿ ಕಲೆ.

"ಇಪ್ಪತ್ಮೂರು ವರ್ಷ ಅದೇ ವ್ಯಾಪಾರ ಮಾಡಿದೀರಿ, ಒಂದು ಮುಚ್ಚಳ ಸರಿಯಾಗಿ ಹಾಕಕ್ಕೆ ಬರಲ್ವಲ್ಲ!" ಎಂದಳು ಫುಸಾಯೆ. ಬಟ್ಟೆ ತಂದು ಒರೆಸಲು ಹೋಗಿ, ಒರೆಸದೆ ನಿಂತಳು. "ಇರ್ಲಿ ಬಿಡಿ, ಸಮುದ್ರದ ಹಾಗಿದೆ. ಎರಡು ದೋಣಿ ಬರೆದ್ರೆ ಮುಗೀತು."

ನವೆಂಬರಿನ ಒಂದು ಶನಿವಾರ ಸಂಜೆ ಪಾನಮಂದಿರದ ಲೋಕಾರ್ಪಣೆ. ನುಮಾಜಿರಿ ಸಾಹೇಬರು ಬಂದರು. ಕರೆಯದಿದ್ದರೂ ತೊಕುಮಾರು ಅವರ ಚೀಲ ಹಿಡಿದುಕೊಂಡು ಹಿಂದೆಯೇ ಬಂದ. ನಾನು ಗೂಡಿನೊಳಗೆ ಸಿದ್ಧನಾಗಿ ನಿಂತಿದ್ದೆ. ಫುಸಾಯೆ ಬಾಗಿಲು ಸರಿಸಿದಳು. ರೇಷ್ಮೆ ಕೋಟು ಇರಲಿಲ್ಲವಾದ್ದರಿಂದ ಅವಳ ನೇರಳೆ ಸ್ವೆಟರ್ ತೊಟ್ಟಿದ್ದೆ.

"ಕುರಮೋಚಿ! ಗೂಡಿನೊಳಗೆ ಏನ್ ಮಾಡ್ತಿದೀಯಯ್ಯ?" ಎಂದರು ಸಾಹೇಬರು, ಹೆದರಿ.

"ಸ್ವಾಗತ, ಸಾಹೇಬ್ರೇ!" ಎಂದು ನಡು ಬಗ್ಗಿಸಿದೆ. ಹಣೆ ಕಟ್ಟೆಗೆ ಬಡಿಯಿತು. ಆಲಿವ್ ಕಾಯಿಗಳು ಉರುಳಿದವು.

ನೀಲಿ ಪಾನೀಯ ಕೊಟ್ಟೆ. ಸಾಹೇಬರು ಒಂದು ಗುಟುಕು ಕುಡಿದು, ಗ್ಲಾಸನ್ನು ದೀಪಕ್ಕೆ ಹಿಡಿದು, ಯೋಚನೆ ಮಾಡಿ ಕೇಳಿದರು: "ಇದು ಕುಡಿಯೋದೋ, ತೊಟ್ಟಿ ತೊಳೆಯೋದೋ?"

"ತೊಳೆಯೋದೇ ಇರ್ಬೇಕು ಸಾಹೇಬ್ರೇ, ನೊರೆ ಇದೆ" ಎಂದ ತೊಕುಮಾರು.

ನನ್ನ ಹನ್ನೊಂದು ವರ್ಷದ ಆಸೆ ಆ ನೊರೆಯಲ್ಲಿ ಮುಳುಗುತ್ತಿರುವುದನ್ನು ನಾನು ನೋಡುತ್ತಿದ್ದೆ. ಅಷ್ಟರಲ್ಲಿ ಫುಸಾಯೆ ಬಿಳಿ ಅಡುಗೆ ಅಂಗಿ ತೊಟ್ಟು ಬಂದಳು. ಬೇಯಿಸಿದ ಮೂಲಂಗಿಯ ಬಟ್ಟಲು ಮುಂದಿಟ್ಟಳು, ಒಣಮೀನು ಸುಟ್ಟು ತಂದಳು. ನಾನು "ಬೇಡ, ಬೇಡ" ಎಂದು ಕಣ್ಸನ್ನೆ ಮಾಡುತ್ತಿದ್ದ ಹಾಗೇ ಕೈಚಾಚಿ ಸ್ಕಾಚ್ ಇಳಿಸಿ ಅದರ ಬಿರಡೆ ತೆಗೆದೇಬಿಟ್ಟಳು. ಮಂಜುಗಡ್ಡೆ, ಎರಡು ಬೆರಳು ವಿಸ್ಕಿ, ಮೇಲೆ ನೀರು. ಕಡ್ಡಿಯಿಂದ ಮೆತ್ತಗೆ ತಿರುಗಿಸಿದಳು.

ಸಾಹೇಬರು ಕುಡಿದರು. ಮೂಲಂಗಿ ತಿಂದರು. ಕಣ್ಣು ಮುಚ್ಚಿದರು. "ನಮ್ಮಮ್ಮ ಹೀಗೇ ಮಾಡೋಳು" ಎಂದರು. ಇನ್ನೊಂದು ಬಟ್ಟಲಾದ ಮೇಲೆ ತಾವು ಶಾಲೆಯಲ್ಲಿ ಓಟದಲ್ಲಿ ಬಿದ್ದ ಕಥೆ ಹೇಳಿದರು. ಮೂರನೆಯದಕ್ಕೆ ಅತ್ತರು. ಫುಸಾಯೆ ಅವರಿಗೆ ಬಿಸಿ ಟವೆಲ್ ಕೊಟ್ಟಳು. ನಾನು ಗೂಡಿನೊಳಗೆ ಒಂಟಿ ಕಾಲಿನಲ್ಲಿ ನಿಂತು (ಇನ್ನೊಂದು ಜೋಮು ಹಿಡಿದಿತ್ತು) ಎಲ್ಲವನ್ನೂ ನೋಡಿದೆ. ಮುಗಿಯಿತು, ಕುರ್ಚಿ ನನ್ನದೇ!

ಸಾಹೇಬರು ಹೊರಡಲು ಎದ್ದಾಗ ಬಾಟಲಿಯಲ್ಲಿ ಅರ್ಧ ಮಿಕ್ಕಿತ್ತು. ಆಗ ನನ್ನ ಬುದ್ಧಿಗೆ ಏನು ಹೊಳೆಯಿತೆಂದು ಕೇಳಿ. ಸ್ಟೇಷನ್ ಬಳಿಯ ಬಾರುಗಳಲ್ಲಿ ಬಾಟಲಿ ಕೊಂಡ ಗಿರಾಕಿ ಮಿಕ್ಕಿದ್ದನ್ನು ಅಲ್ಲೇ ಬಿಟ್ಟುಹೋಗುತ್ತಾನೆ. ಅದರ ಕತ್ತಿಗೆ ಅವನ ಹೆಸರಿನ ಚೀಟಿ ಕಟ್ಟಿ ಶೆಲ್ಫಿನಲ್ಲಿಡುತ್ತಾರೆ. ಹೆಸರು ಕಟ್ಟಿದ ಬಾಟಲಿ ಇದೆಯೆಂದರೆ ಅವನು ಬಂದೇ ಬರುತ್ತಾನೆ.

"ಸಾಹೇಬ್ರೇ, ನಿಮ್ಮ ಹೆಸರು ಬರೆದು ಇಟ್ಟಿರ್ಲಾ?" ಎಂದೆ.

ಅವರ ಮುಖ ಅರಳಿತು. ತಾವೇ ಪೆನ್ನು ತೆಗೆದು, ದುಂಡಗೆ "ನುಮಾಜಿರಿ" ಎಂದು ಬರೆದು ಕಟ್ಟಿದರು. ನಾನು ಕಟ್ಟೆಯ ಕೆಳಗಿಂದ ನುಸುಳಿ ಬಂದು ಬಾಗಿಲ ತನಕ ಬಾಗುತ್ತಲೇ ಹೋದೆ. ಹೆಸರು ಬರೆದು ಬಾಟಲಿ ಇಟ್ಟವನು ಅತಿಥಿಯಲ್ಲ, ಗಿರಾಕಿ ಎಂಬ ಅಂಶ ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಶನಿವಾರ ಸಾಹೇಬರು ಹಾಜರು. ಅದರ ಮುಂದಿನ ಶನಿವಾರ ತೊಕುಮಾರು ತನ್ನದೇ ಬಾಟಲಿ ತಂದು, ಚೀಟಿ ಕಟ್ಟಿ, ಸಾಹೇಬರ ಬಾಟಲಿಯ ಪಕ್ಕಕ್ಕೆ ಸರಿಸಿಟ್ಟ. ಹೊಸ ವರ್ಷದ ಹೊತ್ತಿಗೆ ಖರೀದಿಯವರು, ಸಾಗಣೆಯವರು, ಮುಚ್ಚಳದ ಅಚ್ಚಿನ ವಿಭಾಗದ ಇಬ್ಬರು ಮುದುಕರು, ಎಲ್ಲರ ಬಾಟಲಿಗಳೂ ಬಂದು ಕೂತವು. ಬಾರಿನ ಯಜಮಾನಿಯನ್ನು ಗಿರಾಕಿಗಳು "ಅಮ್ಮ" ಎಂದು ಕರೆಯುವುದು ರೂಢಿಯಷ್ಟೆ. ಫುಸಾಯೆ ನೋಡನೋಡುತ್ತ ಇಡೀ ಕಂಪನಿಗೆ ಅಮ್ಮನಾದಳು.

"ಅಮ್ಮಾ, ಮೂಲಂಗಿ ಇನ್ನೊಂದು!"

"ಅಮ್ಮಾ, ನಮ್ಮತ್ತೆ ಮತ್ತೆ ಬಂದಿದಾರೆ. ಏನ್ ಮಾಡ್ಲಿ ಹೇಳಿ."

"ಮೊದ್ಲು ಆ ಗ್ಲಾಸ್ ಕೆಳಗಿಡಿ, ತೊಕುಮಾರು ಅವ್ರೇ. ಅತ್ತೆಗೆ ಎದುರಾಡೋ ಧೈರ್ಯ ನಿಮಗೆ ಎಷ್ಟು ಕುಡಿದ್ರೂ ಬರಲ್ಲ." ಎಲ್ಲರೂ ಗೊಳ್ಳೆಂದರು.

ನಾನೆಲ್ಲಿದ್ದೆ ಎಂದು ಕೇಳುತ್ತೀರಾ? ಗೂಡಿನೊಳಗೇ. ಗ್ಲಾಸು ಒರೆಸುತ್ತಿದ್ದೆ.

ಜನವರಿಯ ಒಂದು ಸಂಜೆ ಗಿರಾಕಿಗಳು ಬರುವ ಮೊದಲು ಒಂದು ಗುಟುಕು ಹಾಕೋಣವೆಂದು ಬಾಟಲಿಗೆ ಕೈಹಾಕಿದೆ.

"ರೀ! ಅದು ಸಾಗಣೆಯವರದ್ದು!" ಅಡುಗೆಮನೆಯಿಂದಲೇ ಕೂಗಿದಳು. (ಅವಳಿಗೆ ಗೋಡೆಯಾಚೆಯದೂ ಕಾಣುತ್ತದೆ.)

"ಇದು?"

"ಅಚ್ಚಿನವರದ್ದು. ಚೀಟಿ ಓದಕ್ಕೆ ಬರಲ್ವಾ?"

"ಇದು ನನ್ನ ಮನೆ ಕಣೇ. ನನ್ನ ಬಾರು!"

"ಹೌದು, ಯಾರು ಅಲ್ಲ ಅಂದ್ರು? ನಿಮ್ಮ ಹೆಸರಿಂದು ಯಾವುದಿದೆ, ಅದನ್ನ ಕುಡೀರಿ."

ಹುಡುಕಿದೆ. ಯಾರ ಚೀಟಿಯೂ ಇಲ್ಲದೆ ಮೂಲೆಯಲ್ಲಿ ಉಳಿದಿದ್ದದ್ದು ಪುದೀನದ ಹಸಿರು ಷರಬತ್ತು. ಅದಕ್ಕೆ ನೀರು ಬೆರೆಸಿ ಕುಡಿದೆ. ಹಲ್ಲುಜ್ಜಿದ ಹಾಗಾಯಿತು.

ಆದರೂ ನಾನು ಎದೆಗುಂದಲಿಲ್ಲ. ಸಾಹೇಬರು ವಾರವಾರವೂ ಕಣ್ಣೆದುರಿಗೆ ಕೂತಿದ್ದರಲ್ಲ! ಮಾರ್ಚಿನ ಕೊನೆಗೆ ಅವರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿದರು.

"ಕುರಮೋಚಿ, ನಿನ್ನ ಹೆಸರೇ ಕಳಿಸಿದೀನಿ. ಇನ್ನು ನೀನು ಮ್ಯಾನೇಜರ್ ಕಣಯ್ಯ."

ನಾನು ಎಷ್ಟು ಬಾಗಿದೆನೆಂದರೆ ನನ್ನ ಬೂಟಿನ ಲೇಸು ಬಿಚ್ಚಿರುವುದು ಕಾಣಿಸಿತು.

"ಕುಶಿರೊ ಶಾಖೆಗೆ" ಎಂದರು ಸಾಹೇಬರು.

ಕುಶಿರೊ ಎಂದರೆ ಹೊಕ್ಕೈಡೊ ದ್ವೀಪದ ಆ ತುದಿ. ಮಂಜು, ಮೀನು, ಮತ್ತೆ ಮಂಜು. "ಆ ಚಳಿಗೆ ತೊಟ್ಟಿ ನೀರು ಗಳಿಗೆಗೆ ಆರಿಹೋಗತ್ತೆ. ಮುಚ್ಚಳಕ್ಕೆ ಎಂಥಾ ಭವಿಷ್ಯ!" ಎಂದರು.

"ಸಾಹೇಬ್ರ ದಯ. ಹೆಂಡತೀನ ಕರ್ಕೊಂಡು ಮುಂದಿನ ವಾರವೇ..."

"ಏನು!" ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅಮ್ಮಾವ್ರನ್ನ ಆ ಚಳಿಗೆ ಎಳ್ಕೊಂಡ್ಹೋಗ್ತೀಯಾ? ಮನುಷ್ಯನಾ ನೀನು? ವರ್ಗ ಆದೋರೆಲ್ಲ ಹೋಗೋ ಹಾಗೆ ಒಬ್ನೇ ಹೋಗಯ್ಯ. ಮೂರೇ ವರ್ಷ. ಇಲ್ಲಿಂದು ನಾವು ನೋಡ್ಕೋತೀವಿ."

"ತೊಕುಮಾರೂ ಒಂಟಿಯಾಗಿ ಹೋಗಬಹುದಿತ್ತಲ್ಲ..." ಎಂದೆ, ಬಹಳ ಸಣ್ಣ ದನಿಯಲ್ಲಿ.

"ಅವನ ಹೆಂಡತಿ ಮೂಲಂಗಿ ನಾನು ತಿಂದಿದೀನಿ. ಅವನನ್ನ ದೂರ ಕಳಿಸಿದ್ರೆ ನಮಗೇನು ಲಾಭ?"

ಮನೆಗೆ ಬಂದು ಹೇಳಿದೆ. ಫುಸಾಯೆ ಬೇಸರಪಟ್ಟಳು. ನಿಜವಾಗಿ ಪಟ್ಟಳು, ಒಂದು ನಿಮಿಷವಾದರೂ. "ಬರೋಣ ಅಂತಾನೇ ಇದೆ ರೀ. ಆದ್ರೆ ಇಪ್ಪತ್ತಾರು ಜನರ ಬಾಟ್ಲಿ ಮನೇಲಿಟ್ಕೊಂಡು ಬೀಗ ಹಾಕ್ಕೊಂಡು ಬಂದ್ರೆ ನಂಬಿಕೆದ್ರೋಹ ಅಲ್ವಾ?"

"ಗೂಡಿನೊಳಗೆ ಯಾರು ನಿಲ್ತಾರೆ?"

"ತೊಕುಮಾರು ಅವ್ರು ಆಗ್ಲೇ ಹೇಳಿಟ್ಟಿದಾರೆ. ಅವ್ರು ಸಣ್ಣಗಿದಾರೆ, ನುಸುಳೋದು ಸಲೀಸು."

ಈಗ ಕುಶಿರೊಗೆ ಬಂದು ಎರಡು ತಿಂಗಳು. ನಾನು ಮ್ಯಾನೇಜರ್. ನನ್ನ ಕೈಕೆಳಗೆ ಒಬ್ಬ ಗುಮಾಸ್ತ, ಒಂದು ಸೀಮೆಎಣ್ಣೆ ಒಲೆ. ಮೊನ್ನೆ ಶನಿವಾರ ಸಂಜೆ ಹೆಂಡತಿಯ ದನಿ ಕೇಳಬೇಕೆನಿಸಿ ವಸತಿಗೃಹದ ಫೋನಿನಿಂದ ಮನೆಗೆ ಕರೆ ಮಾಡಿದೆ. ಆ ಕಡೆ ನಗು, ಗ್ಲಾಸುಗಳ ಸದ್ದು, ಯಾರದೋ ಹಾಡು. ಫೋನೆತ್ತಿದ್ದು ಗಂಡು ದನಿ. ದನಿ ಯಾರದೆಂದು ಬುದ್ಧಿಗೆ ಗೊತ್ತಾಗುವ ಮೊದಲೇ ನನ್ನ ಬೆನ್ನಿಗೆ ಗೊತ್ತಾಗಿ, ಅದು ತಾನಾಗಿ ಬಾಗಿತು.

"ಹಲೋ! ಇವತ್ತು ಪೂರ್ತಿ ಭರ್ತಿ ಕಣ್ರೀ" ಎಂದರು ನುಮಾಜಿರಿ ಸಾಹೇಬರು, ನಾನು ಬಾಯಿ ಬಿಡುವ ಮೊದಲೇ. "ಎಷ್ಟು ಜನ ಇದೀರಿ?"

"ಒಬ್ನೇ" ಎಂದೆ. ಮೇಲಧಿಕಾರಿ ಕೇಳಿದ್ದಕ್ಕೆ ಉತ್ತರ ಹೇಳಿ ಅಭ್ಯಾಸ.

"ಒಬ್ರಿಗೂ ಜಾಗ ಇಲ್ಲ. ಬಾಟ್ಲಿ ಇಟ್ಟಿದೀರಾ ಇಲ್ಲಿ?"

"ಇಲ್ಲ..."

"ಹಾಗಾದ್ರೆ ಕಷ್ಟ. ಹೊಸಬ್ರನ್ನ ಹಾಗೇ ಸೇರಿಸ್ಕೊಳಲ್ಲ ಇಲ್ಲಿ, ಪರಿಚಯ ಇರ್ಬೇಕು. ಯಾರಾದ್ರೂ ಗೊತ್ತಾ ನಿಮಗೆ?"

"ಅಮ್ಮಾವ್ರು ಸ್ವಲ್ಪ ಗೊತ್ತು, ಸಾಹೇಬ್ರೇ."

"ಎಲ್ರೂ ಅದನ್ನೇ ಹೇಳ್ತಾರೆ!" ಎಂದು ಸಾಹೇಬರು ಫೋನ್ ಇಟ್ಟರು. ನಾನು ಇನ್ನೊಮ್ಮೆ ನಡು ಬಗ್ಗಿಸಿ, ಆಮೇಲೆ ಇಟ್ಟೆ.