ಮುನ್ಸಿಫರ ಕುರ್ಚಿಯಲ್ಲಿ ಚಾತುಕುಟ್ಟಿ ಮಾಷು

"ಕೋಳಿ ನಂದೇ ಮಾಷೇ. ಆದ್ರೆ ನಾಣುವಿನ ಬಸಳೆ ಪಾತಿ ಕೆದಕಿದ್ದು ಅದರ ಸ್ವಂತ ಬುದ್ಧಿಯಿಂದ," ಎಂದ ಮೊಯ್ದು, ಮಡಚಿ ಕಟ್ಟಿದ್ದ ಪಂಚೆಯನ್ನು ವಿನಯದಿಂದ ಇಳಿಬಿಟ್ಟು ಕಟಕಟೆ ಹತ್ತುತ್ತ.

"ಇದು ಕೋರ್ಟಲ್ಲಪ್ಪ, ವಾಚನಾಲಯ. ಕೋರ್ಟು ಹೊಸ ಕಟ್ಟಡಕ್ಕೆ ಹೋಯ್ತಲ್ಲ," ಎಂದರು ಮಾಷು.

"ನೀವು ಕೂತಿರೋದು ಮುನ್ಸಿಫರ ಕುರ್ಚಿ ತಾನೆ?"

ಎಡವಟ್ಟಾದದ್ದೇ ಅಲ್ಲಿ. ಬೇರೆ ಕುರ್ಚಿಯಿಲ್ಲದೆ, ಶಾಲೆಯ ಹಳೇ ಮೇಷ್ಟ್ರೂ ವಾಚನಾಲಯದ ಕಾರ್ಯದರ್ಶಿಯೂ ಆದ ಚಾತುಕುಟ್ಟಿ ಮಾಷು ಅದರಲ್ಲಿ ಕೂತಿದ್ದರು. ಪಯ್ಯಂಪಾರದವರು ಅಜ್ಜಂದಿರ ಕಾಲದಿಂದ ಬೇಲಿ, ಬಾವಿ, ಮಾವಿನಮರಕ್ಕೆಲ್ಲ ವ್ಯಾಜ್ಯ ಹೂಡಿ ಬೆಳೆದದ್ದು ಇದೇ ಹಜಾರದಲ್ಲಿ. ಆ ಕುರ್ಚಿಯಲ್ಲಿ ಯಾರು ಕಂಡರೂ ಊರವರ ಬಾಯಲ್ಲಿ ದೂರು ತಾನಾಗಿ ಊರುತ್ತಿತ್ತು.

ಆ ಸಂಜೆಯೊಳಗೆ ವಾಚನಾಲಯಕ್ಕೆ ನೂರು ಸದಸ್ಯರಾಗದಿದ್ದರೆ ಕಟ್ಟಡ ಟಯರು ವ್ಯಾಪಾರಿಯ ಗೋದಾಮಿಗೆ ಎಂದು ಪಂಚಾಯತಿ ಹೇಳಿತ್ತು. ಮಧ್ಯಾಹ್ನದವರೆಗೆ ಓದಿನ ಆಸೆಯಿಂದ ಬಂದದ್ದು ಒಂದು ಆಡು ಮಾತ್ರ. ಅದೂ ಪೇಪರಿನ ಅಂಚಿಗೇ ತೃಪ್ತಿಪಟ್ಟಿತ್ತು.

ಮಾಷು ಸದಸ್ಯರ ಪುಸ್ತಕವನ್ನು ಮೊಯ್ದುವಿನ ಮುಂದೆ ತಳ್ಳಿದರು. "ಸದಸ್ಯರಲ್ಲದವರ ದೂರು ಕೇಳೋ ಹಾಗಿಲ್ಲ."

ಸುದ್ದಿ ಹಬ್ಬಿ, ದೂರಿಗಾಗಿ ಸದಸ್ಯರಾಗುವವರ ಸಾಲು ಬಸ್ ಸ್ಟ್ಯಾಂಡು ಮುಟ್ಟಿತು. ಮೊಯ್ದು, ನಾಣು ಇಬ್ಬರ ಕೈಗೂ ಒಂದೇ ಪತ್ತೇದಾರಿ ಕಾದಂಬರಿ ಕೊಟ್ಟು, "ಕೊಲೆಗಾರ ಯಾರು ಅಂತ ಇಬ್ಬರೂ ಒಂದೇ ಹೆಸರಿಗೆ ಒಪ್ಪಿಕೊಂಡು ಬನ್ನಿ, ಆಮೇಲೆ ಕೋಳಿ," ಎಂದರು ಮಾಷು. ಇಬ್ಬರೂ ಜಗಲಿಯಲ್ಲಿ ತಲೆಗೆ ತಲೆ ತಾಗಿಸಿ ಕೂತರು. ಉಳಿದವರಿಗೂ ಅದೇ ಮದ್ದು.

ಸಂಜೆ ಪಂಚಾಯತಿ ಅಧ್ಯಕ್ಷರು ಬಂದು ಹೆಸರು ಎಣಿಸಿದರು. ಹಿಂದೆಯೇ ಲಾರಿ ತುಂಬ ಟಯರು ಹೇರಿಕೊಂಡು ಟಯರಿನವನು.

"ಒಬ್ಬರು ಕಮ್ಮಿ ಮಾಷೇ."

"ಊರಲ್ಲಿ ಇನ್ನು ಯಾರು ಉಳಿದಿದಾರೆ?"

ಎಲ್ಲರೂ ಮಾಷರ ಮುಖ ನೋಡಿದರು. ಉಳಿದಿದ್ದವಳು ಅವರ ಹೆಂಡತಿ ಕಾರ್ತ್ಯಾಯನಿ. ನಾಣು ಓಡಿಹೋಗಿ ಕರೆತಂದ. ಅವಳು ಕೈ ಒರೆಸಿಕೊಂಡು ಸಹಿ ಹಾಕಿದಳು. ಮಾಷು ಉಸಿರು ಬಿಡುವಷ್ಟರಲ್ಲಿ ಕಟಕಟೆ ಹತ್ತಿದಳು.

"ಈಗ ನಾನೂ ಸದಸ್ಯೆ. ಈ ಕಟ್ಟಡದ ಹಿಂದೆ ಬಿದ್ದಾಗಿಂದ ಈ ಮನುಷ್ಯ ಮನೇಲಿ ಒಂದು ತೆಂಗಿನಕಾಯಿ ತುರಿದಿಲ್ಲ. ತೀರ್ಪು ಹೇಳಿ."

"ನನ್ನ ಮೇಲಿನ ದೂರು ನಾನೇ ಹೇಗೆ ಕೇಳಲಿ?"

"ಅದೂ ನ್ಯಾಯವೇ. ಇಳೀರಿ ಮಾಷೇ," ಎಂದ ಮೊಯ್ದು ಜಗಲಿಯಿಂದಲೇ, ಪುಟದಿಂದ ತಲೆಯೆತ್ತದೆ.

ಮಾಷು ಇಳಿದರು. ಕಾರ್ತ್ಯಾಯನಿ ಹೋಗಿ ಕುರ್ಚಿಯಲ್ಲಿ ಕೂತು, ಕೈಗೆಟುಕಿದ ಅತಿ ದಪ್ಪ ಪುಸ್ತಕ ಎಳೆದುಕೊಂಡಳು.

"ಇದು ಮುಗಿಯೋವರೆಗೆ ಅಡುಗೆ ನಿಮ್ಮದು."

"ಎಂಟುನೂರು ಪುಟ ಇದೆಯಲ್ಲೇ."

"ನಾನು ನಿಧಾನವಾಗಿ ಓದೋಳು."

ಟಯರಿನವನ ಲಾರಿ ಹೊರಟಿತು. ಮಾಷು ವಾಚನಾಲಯದ ಬೀಗದ ಕೈಯನ್ನು ಹೆಂಡತಿಯ ಮುಂದೆ ಮೇಜಿನ ಮೇಲಿಟ್ಟು, ಬೂತಾಯಿ ಮುಗಿದುಹೋಗುವ ಮುಂಚೆ ಮೀನು ಪೇಟೆಯ ಕಡೆ ಬೇಗ ಬೇಗ ನಡೆದರು.