ಲಾರಿಗೆ ಅರ್ಥ ಹುಡುಕಿದ್ದು

ಪೀಣ್ಯದಲ್ಲಿ ಗ್ಯಾರೇಜು ಇಟ್ಟುಕೊಂಡವರು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಹೊಗೆ ಉಗುಳುತ್ತಾ, ಒಂದೇ ಕಣ್ಣಿನ ಹೆಡ್‌ಲೈಟ್ ಉರಿಸುತ್ತಾ ಅದು ತಾನಾಗಿಯೇ ಗೇಟಿನೊಳಗೆ ಬಂದು ನಿಲ್ಲುತ್ತದೆ. ನಮ್ಮ ಶೆಡ್ಡಿನಲ್ಲಿ ಇಂಜಿನ್, ಗೇರ್, ಬ್ರೇಕು ನನ್ನ ಯಜಮಾನರದು, ವೈರಿಂಗ್ ನನ್ನದು. ಮದುವೆಗೆ ಮುಂಚೆ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವಳು ನಾನು. ಕರೆಂಟು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ಜಂಬ ಅಂದರೆ ಅನ್ನಲಿ. ಆದರೆ ಹೋದ ವರ್ಷ ಒಂದು ಹಳೆಯ ಲಾರಿ ಐದೇ ದಿನದಲ್ಲಿ ನನ್ನ ಜಂಬವನ್ನು ಚೆನ್ನಾಗಿ ಪರೀಕ್ಷೆ ಮಾಡಿತು.

೧. ಫೋನಿನಲ್ಲಿ ಬಂದ ಸದ್ದು

ಆ ಲಾರಿಗೆ ಮಾಲೀಕರೂ ಡ್ರೈವರೂ ಒಬ್ಬರೇ. ವಿಜಯಪುರದ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ಮನೆ. ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿ, ಕೊನೆಗೊಂದು ಹಳೆಯ ಡೀಸೆಲ್ ಲಾರಿ ಸ್ವಂತಕ್ಕೆ ಮಾಡಿಕೊಂಡಿದ್ದರು. ಗುರುವಾರ ಬೆಳಿಗ್ಗೆ ಅವರ ಫೋನು ಬಂತು.

"ಅಕ್ಕಾರ, ಸೋಮವಾರ ಎಫ್‌ಸಿ ಐತ್ರಿ. ಪಾಸಾಗ್ಲಿಲ್ಲಂದ್ರ ಗಾಡಿ ಗುಜರಿಗೆ ಹಾಕೂದ್ರಿ. ಗುಜರಿಯಂವ ಆಗ್ಲೇ ಬಂದು ಟೈರ್ ಒದ್ದು ನೋಡಿ ಹೋಗ್ಯಾನ."

ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟು. ಅದಿಲ್ಲದ ಲಾರಿ ಬರೀ ಕಬ್ಬಿಣ. ಏನೇನು ತೊಂದರೆ ಅಂತ ಕೇಳಿದೆ.

"ಫ್ಲೈಓವರ್ ಹತ್ತೂದಿಲ್ರಿ. ಲೈಟ್ ಹಾಕಿದ್ರ ಇಂಜಿನ್ ಕಾಯ್ತೈತ್ರಿ. ಬ್ರೇಕ್ ಒತ್ತಿದ್ರ ಹಿಂದಿನ ಲೈಟ್ ಆರ್ತಾವ್ರಿ. ಮತ್ತ ಸ್ಟಾರ್ಟ್ ಮಾಡಾಕ ಹೋದ್ರ ಹಿಂಗ ಮಾಡ್ತೈತ್ರಿ..." ಅಂದರು. ಆಮೇಲೆ ಫೋನಿನಲ್ಲಿ ಸದ್ದು ಶುರುವಾಯಿತು. ಟಿಕ್, ಟಿಕ್, ಉಂ... ಉಂಂ... ಕಟಕಟಕಟ.

ಫೋನನ್ನು ಯಜಮಾನರ ಕಿವಿಗಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿ, "ಸ್ಟಾರ್ಟರ್‌ಗೆ ಕರೆಂಟ್ ಸಾಲ್ತಿಲ್ಲ. ನಿನ್ನ ಡಿಪಾರ್ಟ್‌ಮೆಂಟು" ಅಂದರು.

"ಇಲ್ಲ, ಇಂಜಿನ್ನೇ ಬಿಗಿಯಾಗಿದೆ. ನಿಮ್ಮದು" ಅಂದೆ ನಾನು.

ನಮ್ಮಿಬ್ಬರ ವಾದ ನಡೆದಷ್ಟು ಹೊತ್ತೂ ಆ ಕಡೆಯಿಂದ ಸದ್ದು ನಿಲ್ಲಲಿಲ್ಲ. "ಅಣ್ಣಾ, ಸಾಕು, ಕೀ ಆಫ್ ಮಾಡಿ! ಬ್ಯಾಟ್ರಿ ಇಳಿದುಹೋಗುತ್ತೆ!" ಅಂತ ಕೂಗಿದೆ.

"ಗಾಡಿ ಮನಿ ಮುಂದ ನಿಂತೈತ್ರಿ ಅಕ್ಕಾರ. ನಾ ಇಲ್ಲಿ ಚಾದಂಗಡ್ಯಾಗ ಅದೀನಿ. ಇಷ್ಟೊತ್ತು ನಾನ ಬಾಯಿಲೆ ಮಾಡಿ ತೋರಿಸಿದ್ನಿ."

೨. ಟ್ಯಾಂಕಿನೊಳಗಿನ ಖಣ

ಶುಕ್ರವಾರ ಲಾರಿ ತಳ್ಳಿಸಿಕೊಂಡು ಶೆಡ್ಡಿಗೆ ಬಂತು. ಫ್ಲೈಓವರ್ ಹತ್ತದ ರೋಗ ಯಜಮಾನರ ಪಾಲಿನದು. ಇಂಜಿನ್ನಿಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ ಅಂತ ಫಿಲ್ಟರ್ ಬಿಚ್ಚಿದರು, ಪಂಪ್ ನೋಡಿದರು, ಎರಡೂ ಸರಿಯಿದ್ದವು. ಕೊನೆಗೆ ಟ್ಯಾಂಕಿನ ಹತ್ತಿರ ಹೋದರೆ ಮುಚ್ಚಳದ ಜಾಗದಲ್ಲಿ ಬಟ್ಟೆಯ ಉಂಡೆ!

"ಮುಚ್ಚಳ ಎಲ್ಲಿ?"

"ಕಳದು ಭಾಳ ದಿನಾತ್ರಿ. ಅರಿವಿ ತುರುಕೇನಿ. ಮೊದಲಿಂದು ಒಳಗ ಬಿತ್ತು, ಇದು ಎರಡನೇದು."

ಒಳಗೆ ಬಿದ್ದ ಬಟ್ಟೆ ಏರು ಬಂದಾಗಲೆಲ್ಲ ಹೋಗಿ ಡೀಸೆಲ್ ಪೈಪಿನ ಬಾಯಿಗೆ ಕೂರುತ್ತಿತ್ತು. ಯಜಮಾನರು ಕೊಕ್ಕೆ ಇಳಿಸಿ ನಿಧಾನಕ್ಕೆ ಎಳೆದರು. ಕೆಂಪು ಬಟ್ಟೆ, ಹಸಿರು ಅಂಚು. ಅದೇ ಹೊತ್ತಿಗೆ ಡ್ರೈವರಣ್ಣನ ಹೆಂಡತಿ ನಮಗೆಲ್ಲ ಜೋಳದ ರೊಟ್ಟಿ ಕಟ್ಟಿಕೊಂಡು ಬಂದರು. ಬುತ್ತಿ ಕೆಳಗಿಟ್ಟವರು ಕೊಕ್ಕೆಯ ಕಡೆ ನೋಡಿ ಹಾಗೇ ನಿಂತರು.

"ಇದು ನನ್ನ ಖಣ! ಪಂಚಮಿಗೆ ತವರುಮನ್ಯಾಗ ಕೊಟ್ಟ ಕುಬ್ಸದ ಖಣ! ಇದನ್ನ ಕದ್ದಾಳ ಅಂತ ಬಾಜೂ ಮನಿಯಾಕಿ ಜೋಡಿ ಆರ್ ತಿಂಗ್ಳಿಂದ ಮಾತ ಬಿಟ್ಟೀನಿ!"

ಡ್ರೈವರಣ್ಣ ಲಾರಿಯ ಅಡಿಗೆ ನುಸುಳಿದರು. "ಇಲ್ಲೇನೋ ಸೋರಾಕತ್ತೈತ್ರಿ" ಅಂತ ಒಳಗಿನಿಂದ ದನಿ ಬಂತು. ಹೆಂಡತಿ ಹೊರಟುಹೋಗುವವರೆಗೂ ಅದು ಸೋರುತ್ತಲೇ ಇತ್ತು.

೩. ದೀಪ ಕಂಡರೆ ಕಾಯುವ ಇಂಜಿನ್

ಶನಿವಾರ ನನ್ನ ಸರದಿ. ಹೆಡ್‌ಲೈಟ್ ಹಾಕಿದ ಕೂಡಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸರ್ರನೆ ಮೇಲೇರುತ್ತಿತ್ತು. ಅದಕ್ಕೇ ಡ್ರೈವರಣ್ಣ ದಿನಾ ಸಂಜೆ, ಲೈಟ್ ಹಾಕುವ ಮೊದಲು, ರೇಡಿಯೇಟರಿಗೆ ಒಂದು ಬಾಟಲಿ ನೀರು ಹುಯ್ಯುವುದನ್ನು ರೂಢಿ ಮಾಡಿಕೊಂಡಿದ್ದರು.

ಮುಳ್ಳು ಸುಳ್ಳು ಹೇಳುತ್ತಿದೆ ಅಂತ ನನಗೆ ಅನುಮಾನ. ತೋರಿಸಿಕೊಡೋಣ ಅಂತ ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ ಲೈಟ್ ಹಾಕಿದೆ. ಮುಳ್ಳು ಏರಿತು.

"ನೋಡಿ ಅಣ್ಣ, ಇಂಜಿನ್ ಓಡ್ತಾನೇ ಇಲ್ಲ. ತಣ್ಣಗಿದೆ. ಆದ್ರೂ ಮುಳ್ಳು ಮೇಲೆ ಹೋಯ್ತು. ಇದರಿಂದ ಏನು ಗೊತ್ತಾಗುತ್ತೆ?"

ಅವರು ಬಾನೆಟ್ ಸವರಿ ಅಭಿಮಾನದಿಂದ ಹೇಳಿದರು: "ಭಾಳ ಸೂಕ್ಷ್ಮ ಐತ್ರಿ ಗಾಡಿ. ಬರೇ ಲೈಟ್ ನೋಡೇ ಕಾಯ್ತೈತಿ."

೪. ಪೋರ್ಟ್ ಎಲ್ಲಿದೆ?

ಭಾನುವಾರದ ಹೊತ್ತಿಗೂ ಸ್ಟಾರ್ಟರ್ ನರಳುತ್ತಲೇ ಇತ್ತು. ಬ್ಯಾಟರಿ ಬದಲಿಸಿ ನೋಡಿದ್ದೆ, ಸ್ಟಾರ್ಟರ್ ಬಿಚ್ಚಿ ಕಟ್ಟಿದ್ದೆ. "ನಿನ್ನ ಡಿಪಾರ್ಟ್‌ಮೆಂಟು" ಅಂದಿದ್ದ ಯಜಮಾನರು ನಾನಿರುವ ಕಡೆ ನೋಡುವುದನ್ನೇ ಬಿಟ್ಟಿದ್ದರು, ಪುಣ್ಯಾತ್ಮರು.

ಡ್ರೈವರಣ್ಣ ತಮ್ಮ ಊರಿನವರೇ ಆದ ಒಬ್ಬ ಇಂಜಿನಿಯರನ್ನು ಕರೆತಂದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುವ ಕೆಲಸ, ಹಣೆಯಲ್ಲಿ ವಿಭೂತಿ, ಬಲು ಸಭ್ಯ ಮನುಷ್ಯ. ಕೈಯಲ್ಲೊಂದು ಪುಟ್ಟ ಸ್ಕ್ಯಾನರ್. ಗಾಡಿಗೆ ಚುಚ್ಚಿದರೆ ರೋಗ ಏನೆಂದು ತಾನೇ ಬರೆದು ತೋರಿಸುತ್ತದಂತೆ. ನನಗೆ ಒಳಗೊಳಗೇ ಅವಮಾನ.

ಅವರು ಸ್ಟೀರಿಂಗಿನ ಕೆಳಗೆ ನೋಡಿದರು. ಸೀಟಿನ ಅಡಿ, ದೇವರ ಫೋಟೋ ಹಿಂದೆ, ಎಲ್ಲಾ ನೋಡಿದರು. ಇಪ್ಪತ್ತು ನಿಮಿಷವಾದ ಮೇಲೆ ಬೆವರು ಒರೆಸಿಕೊಳ್ಳುತ್ತಾ ತಲೆ ಹೊರಹಾಕಿ, "ಇದರಲ್ಲಿ ಪೋರ್ಟ್ ಎಲ್ಲಿದೆ?" ಅಂತ ಕೇಳಿದರು.

ಅಂಥ ಹಳೆಯ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚುವ ಜಾಗವೇ ಇರುವುದಿಲ್ಲ ಅಂತ ನಾನು ಹೇಳುವಷ್ಟರಲ್ಲಿ ಡ್ರೈವರಣ್ಣ ಮುಂದೆ ಬಂದರು.

"ಪೋರ್ಟ್ ಮಂಗಳೂರಾಗ ಐತ್ರಿ ಸರ. ನಾ ಎರಡ್ ಸಲ ಲೋಡ್ ಒಯ್ದೇನಿ."

೫. ಅರ್ಥ್

ಇಂಜಿನಿಯರನ್ನು ಮೆಟ್ರೋ ಸ್ಟೇಷನ್ನಿಗೆ ಬಿಡಲು ಡ್ರೈವರಣ್ಣ ಹೋದರು. ನಾನು ಟಾರ್ಚ್ ಹಿಡಿದು ಲಾರಿಯ ಅಡಿಗೆ ಮಲಗಿದೆ. ಲೈಟು, ಮುಳ್ಳು, ಬ್ರೇಕ್, ಸ್ಟಾರ್ಟರ್ ಎಲ್ಲವೂ ಒಟ್ಟಿಗೆ ಕೆಡಬೇಕಾದರೆ ಕಾರಣ ಒಂದೇ ಇರಬೇಕು ಅಂತ ಮನಸ್ಸು ಹೇಳುತ್ತಿತ್ತು. ಬ್ಯಾಟರಿಯಿಂದ ಹೊರಟ ಕರೆಂಟು ಲಾರಿಯ ಚಾಸಿಯ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನ, ಮೂಲಕ ವಾಪಸ್ ಬರಬೇಕು. ಆ ಜೋಡಣೆಗೆ ನಾವು ವೈರಿಂಗಿನವರು ಅರ್ಥ್ ಅನ್ನುತ್ತೇವೆ. ಇಂಜಿನ್ನಿನಿಂದ ಚಾಸಿಗೆ ಬಂದ ದಪ್ಪ ಪಟ್ಟಿ ಕಣ್ಣಿಗೆ ಬಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿ ಕೆರೆದೆ. ಹಸಿರು ಪೇಂಟು. ಅದರಡಿ ಕೆಂಪು, ಅದರಡಿ ಹಳದಿ, ಮತ್ತೆ ಹಸಿರು! ಪ್ರತಿ ಆಯುಧಪೂಜೆಗೂ ಡ್ರೈವರಣ್ಣ ಪಟ್ಟಿ ಬಿಚ್ಚಿ, ಒಂದು ಮೂಲೆಯನ್ನೂ ಬಿಡದೆ ಚಾಸಿಗೆ ಬಣ್ಣ ಹೊಡೆದು, ಅದರ ಮೇಲೆ ಪಟ್ಟಿಯನ್ನು ಮತ್ತೆ ಬಿಗಿದಿದ್ದರು. ಅಷ್ಟು ಬಣ್ಣ ದಾಟಿ ಕರೆಂಟು ಎಲ್ಲಿಂದ ಹೋಗಬೇಕು?

ಖುಷಿಗೆ ಅಡಿಯಿಂದಲೇ ಕಿರುಚಿದೆ: "ರೀ, ಅರ್ಥ್ ಆಗ್ತಿಲ್ಲ ಕಣ್ರೀ! ಒಂದ್ ಚೂರೂ ಅರ್ಥ್ ಇಲ್ಲ!"

ಯಜಮಾನರು ಅದೇ ಹೊತ್ತಿಗೆ ಡ್ರೈವರಣ್ಣನ ಜೊತೆ ಫೋನಿನಲ್ಲಿದ್ದರು. ಆ ಕಡೆ ಫೋನು ಕಟ್ಟಾಯಿತು.

ನಾನು ಬಣ್ಣವನ್ನೆಲ್ಲ ಕೆರೆದು ಬರೀ ಕಬ್ಬಿಣದ ಮೇಲೆ ಪಟ್ಟಿಯನ್ನು ಬಿಗಿದು ಮುಗಿಸಿದ್ದೆ. ಮುಕ್ಕಾಲು ಗಂಟೆಯ ಮೇಲೆ ಡ್ರೈವರಣ್ಣ ಬಂದರು, ಜೊತೆಯಲ್ಲಿ ಗುಜರಿಯವನು. ಅವನು ಬಂದವನೇ ಮತ್ತೆ ಟೈರ್ ಒದ್ದ. ಡ್ರೈವರಣ್ಣನ ಕಣ್ಣು ಕೆಂಪಾಗಿತ್ತು.

"ಬಿಡ್ರಿ ಅಕ್ಕಾರ, ನಿಮ್ದೇನ್ ತಪ್ಪಿಲ್ಲ. ನಿಮಗ ಅರ್ಥ ಆಗ್ಲಿಲ್ಲಂದ್ರ ಇನ್ಯಾರಿಗ್ ಆಗ್ತೈತ್ರಿ."

ನನಗೆ ಎರಡು ಕ್ಷಣ ಹಿಡಿಯಿತು. ಆಮೇಲೆ ನಗು ಬಂತು. ಇಷ್ಟು ವರ್ಷದಲ್ಲಿ ಅಂಥ ಮೆಚ್ಚುಗೆ ನನಗೆ ಯಾರಿಂದಲೂ ಸಿಕ್ಕಿರಲಿಲ್ಲ. ಸೀಟಿಗೆ ಹತ್ತಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಇಂಜಿನ್ ಗುಡುಗಿತು. ಗುಜರಿಯವನು ಟೈರಿನ ಹತ್ತಿರದಿಂದ ಎರಡು ಹೆಜ್ಜೆ ಹಿಂದೆ ಹಾರಿದ. ಲೈಟ್ ಹಾಕಿದೆ. ಡ್ರೈವರಣ್ಣ ರೂಢಿಯಂತೆ ನೀರಿನ ಬಾಟಲಿ ಹಿಡಿದು ಓಡಿಬಂದರು. ಮುಳ್ಳು ಅಲ್ಲಾಡಲಿಲ್ಲ. ಅವರು ಆ ನೀರನ್ನು ತಾವೇ ಕುಡಿದರು.

ಸೋಮವಾರ ಎಫ್‌ಸಿಗೆ ಅವರ ಜೊತೆ ನಾನೂ ಹೋದೆ. ಯಾಕೆ ಸುಳ್ಳು, ನೋಡಲೇಬೇಕಿತ್ತು. ಇನ್ಸ್‌ಪೆಕ್ಟರು ಲೈಟು, ಬ್ರೇಕು, ಹಾರ್ನು ಎಲ್ಲಾ ನೋಡಿ, "ಪಾಸು. ಇಷ್ಟು ಹಳೇ ಗಾಡಿನ ಇಷ್ಟು ಚೆನ್ನಾಗಿಟ್ಟಿದ್ದೀರಲ್ಲ! ಯಾರು ರಿಪೇರಿ ಮಾಡಿದ್ದು?" ಅಂತ ಕೇಳಿದರು.

ಡ್ರೈವರಣ್ಣ ಎದೆಯುಬ್ಬಿಸಿ ನನ್ನ ಕಡೆ ಕೈ ತೋರಿಸಿದರು. "ಇವರ ನೋಡ್ರಿ ಸರ. ಇಷ್ಟ್ ವರ್ಷ ನನ್ನ ಗಾಡಿಗೆ ಅರ್ಥಾನ ಇರ್ಲಿಲ್ರಿ. ಅರ್ಥ ಹುಡುಕಿ ಕೊಟ್ಟವರು ನಮ್ಮ ಅಕ್ಕಾರು."

ಇನ್ಸ್‌ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನ್ನಡಕ ತೆಗೆದು, ಬಹಳ ಗೌರವದಿಂದ ಕೇಳಿದರು:

"ಮೇಡಂ ಕನ್ನಡ ಟೀಚರಾ?"