ನಡೆದಾಡಿದ ಕುಂಕುಮ

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯನಿಗೆ ಇರಬಾರದ ಚಟಗಳು ಕೆಲವಿವೆ. ಕೆಲವರು ಬೀಡಿ ಬಿಡಲಾರರು, ಕೆಲವರು ಇಸ್ಪೀಟು ಬಿಡಲಾರರು. ಅವರನ್ನೆಲ್ಲ ಊರು ಹೇಗೋ ಸಹಿಸಿಕೊಳ್ಳುತ್ತದೆ. ನನ್ನದು ಹೇಳಿಕೊಳ್ಳುವಂಥ ಚಟವೇ ಅಲ್ಲ. ಐವತ್ತೆರಡು ವರ್ಷದ, ಅರ್ಧ ತಲೆ ಬೋಳಾದ, ಮುನವಳ್ಳಿಯ ಪೇಟೆಯಲ್ಲಿ ನಾಲ್ಕು ಜನ ‘ಈರಣ್ಣಾರ’ ಎಂದು ಮರ್ಯಾದೆಯಿಂದ ಕರೆಯುವ ನಾನು, ಪ್ರತಿ ವರ್ಷ ಮಿರಗದ ಮಳೆ ಬಿದ್ದ ಕೂಡಲೇ ಯಾರ ಕಣ್ಣಿಗೂ ಬೀಳದಂತೆ ಹೊಲದ ಬದುವಿಗೆ ಹೋಗಿ, ಮೊಣಕಾಲೂರಿ, ಒಂದು ಹುಳ ಹಿಡಿದು ತರುತ್ತೇನೆ. ಅದನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಮೇಲೆ ಎರಡು ಎಸಳು ಕರಿಕೆ ಹುಲ್ಲು ಹಾಕಿ, ಎರಡು ದಿನ ಸಾಕಿ, ಮತ್ತೆ ಅದೇ ಬದುವಿಗೆ ಬಿಟ್ಟು ಬರುತ್ತೇನೆ. ಇದರಿಂದ ನನಗೇನು ಲಾಭ ಎಂದು ಕೇಳಬೇಡಿ. ಇಸ್ಪೀಟು ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಮಿರಗದ ಹುಳವನ್ನು ನೋಡದವರಿಗೆ ಒಂದು ಮಾತು. ಮೃಗಶಿರಾ ಮಳೆಯ ಮೊದಲ ಹನಿಗೆ ನೆಲದೊಳಗಿಂದ ಎದ್ದು ಬರುವ ಇದು ತೊಗರಿ ಕಾಳಿನಷ್ಟು ದಪ್ಪ, ಅಚ್ಚ ಕೆಂಪು, ಮೈಯೆಲ್ಲ ಮಖಮಲ್ಲು. ಮುಟ್ಟಿದರೆ ಸಾಕು, ಕಾಲುಗಳನ್ನೆಲ್ಲ ಒಳಗೆಳೆದುಕೊಂಡು, ಪಾಠ ಬಾರದ ಹುಡುಗ ಮಾಸ್ತರರ ಕಣ್ಣು ತಪ್ಪಿಸುವ ಹಾಗೆ ಮಿಸುಕಾಡದೆ ಕೂರುತ್ತದೆ. ಗದ್ದಲ ನಿಂತಿತೆಂದು ಖಾತ್ರಿಯಾದ ಮೇಲೆ ಒಂದೊಂದೇ ಕಾಲು ಹೊರಗೆ ತೆಗೆದು, ಏನೂ ಆಗಿಯೇ ಇಲ್ಲವೆಂಬಂತೆ ನಡೆಯುತ್ತದೆ. ಕಚ್ಚುವುದಿಲ್ಲ, ಹಾರುವುದಿಲ್ಲ, ಬೆಳೆಯ ತಂಟೆಗೆ ಹೋಗುವುದಿಲ್ಲ. ಅದು ಕರಿಕೆಯನ್ನೂ ತಿನ್ನುವುದಿಲ್ಲ ಎಂದು ಎಲ್ಲೋ ಓದಿದೆ. ಆದರೆ ಚಿಕ್ಕಂದಿನಿಂದ ಹಾಕಿ ರೂಢಿಯಾದ ಕೈ, ಈಗ ನಿಲ್ಲಿಸಿದರೆ ಹುಳ ಏನೆಂದುಕೊಂಡೀತು ಎಂಬ ಸಂಕೋಚ.

ಈ ಚಟವನ್ನು ಗುಟ್ಟಾಗಿಡಲು ಮುಖ್ಯ ಕಾರಣ ನನ್ನ ಉದ್ಯೋಗ. ನನ್ನದು ಬೀಜ, ಗೊಬ್ಬರ, ಔಷಧದ ಅಂಗಡಿ. ನಮ್ಮ ಕಡೆ ಔಷಧ ಎಂದರೆ ಹುಳಕ್ಕೆ ಹೊಡೆಯುವ ವಿಷ. ವಿಷಕ್ಕೂ ಇಷ್ಟು ಮರ್ಯಾದೆಯ ಹೆಸರು ಕೊಟ್ಟ ಜನ ನಾವು. ರೈತರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬಾಡಿದ ಎಲೆ, ಅದರ ಜೊತೆ ಒಂದು ಜೀವಂತ ಹುಳ ತಂದು, “ಈರಣ್ಣಾರ, ಇದಕ್ಕೇನ ಹೊಡೀಲಿ?” ಎಂದು ಕೇಳುತ್ತಾರೆ. ನಾನು ಕುರ್ಚಿಯಿಂದ ಏಳುವುದಿಲ್ಲ, ಚಷ್ಮಾ ಹಾಕಿಕೊಳ್ಳುವುದಿಲ್ಲ, ಚೀಲದ ಗಂಟನ್ನೂ ಬಿಚ್ಚುವುದಿಲ್ಲ. ಅಲ್ಲಿಂದಲೇ ಹುಳದ ಹೆಸರು ಹೇಳಿಬಿಡುತ್ತೇನೆ. ಹುಳದ ಗುರುತು ಹಿಡಿಯುವುದರಲ್ಲಿ ಈರಣ್ಣ ತಪ್ಪಿದ್ದಿಲ್ಲ ಎಂಬ ಹೆಸರು ಸುತ್ತಲಿನ ಹಳ್ಳಿಗಳಲ್ಲಿದೆ. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ನನ್ನ ಹೆಂಡತಿ ಸರೋಜಾ ಮಾತ್ರ ಈ ಕೀರ್ತಿಗೆ ಮರುಳಾದವಳಲ್ಲ. “ಅಂಗಡ್ಯಾಗ ಹುಳಾ ಕೊಲ್ಲೂದು ಮಾರತೀರಿ, ಮನಿಗೆ ಹುಳಾ ತರತೀರಿ. ಒಂದ ಕಡೆ ನಿಂದರ್ರಿ,” ಎನ್ನುತ್ತಾಳೆ.

ಈ ಚಟ ಹಚ್ಚಿದವಳು ನನ್ನ ಅಕ್ಕ ನೀಲವ್ವ. ನಾವು ಹುಟ್ಟಿ ಬೆಳೆದದ್ದು ದೊಡವಾಡದಲ್ಲಿ. ಮೊದಲ ಮಳೆ ಬಿದ್ದ ಮರುದಿನ ಶಾಲೆಗೆ ಹೋಗುವ ಹಾದಿ ಬಿಟ್ಟು ಹೊಲದ ಬದು ಹಿಡಿಯುತ್ತಿದ್ದೆವು. ಅಕ್ಕನ ಕಣ್ಣು ಬಲು ಚುರುಕು. ನನಗೆ ಒಂದು ಸಿಗುವಷ್ಟರಲ್ಲಿ ಅವಳಿಗೆ ನಾಲ್ಕು ಸಿಗುತ್ತಿದ್ದವು. ಒಂದು ವರ್ಷ ನನಗೆ ಒಂದೂ ಸಿಗಲಿಲ್ಲ, ಅವಳಿಗೂ ಒಂದೇ ಒಂದು ಸಿಕ್ಕಿತು. ಆಗ ನನಗೆ ಎಂಟು ವರ್ಷ. ಆ ವಯಸ್ಸಿನಲ್ಲಿ ಧರ್ಮ ಅಧರ್ಮ ಇನ್ನೂ ಗಟ್ಟಿಯಾಗಿರುವುದಿಲ್ಲ. ಅವಳು ನೀರಿಗೆ ಹೋದಾಗ ಕಡ್ಡಿಪೆಟ್ಟಿಗೆಯಿಂದ ಹುಳ ಕದ್ದು, ಅದರ ಜಾಗದಲ್ಲಿ ಒಂದು ಗುಲಗಂಜಿ ಇಟ್ಟೆ. “ಹುಳಾ ಮಲಗೇತಿ ಅಕ್ಕಾ, ಎಬ್ಬಸಬ್ಯಾಡ,” ಎಂದೆ. ಪಾಪ, ಎಂಟು ದಿನ ಅವಳು ಆ ಗುಲಗಂಜಿಗೆ ಕರಿಕೆ ಹಾಕಿದಳು. ಒಂಬತ್ತನೆಯ ದಿನ ಹುಳ ಸತ್ತಿತೆಂದು ಅತ್ತು, ಹಿತ್ತಲಲ್ಲಿ ಹೂಳಿದಳು. ನಾನೂ ಪಕ್ಕದಲ್ಲಿ ನಿಂತು ಅಳುತ್ತ ಒಂದು ಹಿಡಿ ಮಣ್ಣು ಹಾಕಿದೆ. ಈ ಪಾಪ ಅವಳಿಗೆ ಗೊತ್ತಾಗಲೇ ಇಲ್ಲ ಎಂದು ನಾನು ಇಷ್ಟು ವರ್ಷ ನಿಶ್ಚಿಂತನಾಗಿದ್ದೆ.

ಅವಳಿಗೆ ಗೊತ್ತಾದ ನನ್ನ ತಪ್ಪು ಬೇರೆ. ಮೂರು ವರ್ಷದ ಹಿಂದೆ ನಮ್ಮ ಹೊಸ ಮನೆಯ ವಾಸ್ತುಶಾಂತಿ ಇತ್ತು. ತುಂಬಿದ ಕೊಡ ಹಿಡಿದು ಮೊದಲು ಹೊಸ್ತಿಲು ದಾಟುವ ಮಾನ ಮನೆಮಗಳದು. ಅಯ್ಯನವರು ಮುಹೂರ್ತ ಮೀರುತ್ತದೆಂದು ಅವಸರ ಮಾಡಿದರು, ಅಕ್ಕ ಒಳಗೆ ಸೀರೆಯ ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದಳು, ನಾನು ಗಡಿಬಿಡಿಯಲ್ಲಿ ಎದುರಿಗೆ ಸಿಕ್ಕ ಸರೋಜಾಳ ತಂಗಿಯ ಕೈಗೆ ಕೊಡ ಕೊಟ್ಟುಬಿಟ್ಟೆ. ಅಕ್ಕ ಹೋಳಿಗೆ ಮುಟ್ಟದೆ ತನ್ನೂರು ಕಟಕೋಳದ ಬಸ್ಸು ಹತ್ತಿದಳು. ಆಮೇಲೆ ಮೂರು ನಾಗರಪಂಚಮಿಗಳು ಬಂದು ಹೋದವು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು, ನಮ್ಮ ಮನೆಯ ಉಂಡಿ ಮಾತ್ರ ಡಬ್ಬಿಯಲ್ಲೇ ಗಟ್ಟಿಯಾದವು. ಫೋನು ಮಾಡಿದರೆ ಅಕ್ಕನ ಗಂಡ, ನಮ್ಮ ಮಾಮಾ, ಎತ್ತುತ್ತಿದ್ದರು. “ಅಕ್ಕ ಆರಾಮ ಅದಾಳೇನ್ರಿ ಮಾಮಾ?” ಎಂದು ನಾನು ಕೇಳಿದರೆ ಹಿಂದಿನಿಂದ ಅಕ್ಕನ ದನಿ ಖಣಿಲ್ಲನೆ ಕೇಳುತ್ತಿತ್ತು: “ಆರಾಮ ಅದೇನಂತ ಹೇಳ್ರಿ ಅವಂಗ.” ಮಾಮಾ ಹೇಳುತ್ತಿದ್ದರು: “ಆರಾಮ ಅದಾಳಂತ.” ಕೇಳಿದ್ದನ್ನೇ ಎರಡನೆಯ ಸಲ ಕೇಳುವಾಗ ನಗು ಬರಬೇಕು. ನನಗೆ ಬರುತ್ತಿರಲಿಲ್ಲ.

ಈ ಸಲ ಮಿರಗದ ನಕ್ಷತ್ರ ಕೂಡಿದರೂ ಮಳೆಯ ಸುಳಿವಿರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತಿತ್ತು. ಅಂಗಡಿಯ ಮುಂದೆ ಕೂತವರಲ್ಲಿ ಎರಡು ಪಕ್ಷಗಳಾಗಿದ್ದವು. ಪಂಚಾಂಗದಲ್ಲಿ ಈ ಮಳೆಯ ವಾಹನ ಕತ್ತೆ, ಅದು ಒದ್ದರೆ ಮಾತ್ರ ಬರುತ್ತದೆ ಎಂದು ಒಂದು ಪಕ್ಷ, ಮೊಬೈಲಿನಲ್ಲಿ ಮೋಡದ ಚಿತ್ರ ಬಂದಿದೆ ಎಂದು ಇನ್ನೊಂದು. ಒಂದು ಮುಂಜಾನೆ ಕತ್ತೆಯೂ ಮೊಬೈಲೂ ಕೂಡಿಯೇ ಗೆದ್ದವು. ಏಳುವಷ್ಟರಲ್ಲಿ ಅಂಗಳ ತೊಯ್ದು, ಮಣ್ಣಿನ ವಾಸನೆ ಮನೆಯೊಳಗೆ ಬಂದು ಕೂತಿತ್ತು. ನಾನು ‘ವಾಕಿಂಗು’ ಎಂದು ಹೇಳಿ ಹೊರಬಿದ್ದವನು ಬದುವಿನಿಂದ ಒಂದು ಚೆಂದದ ಹುಳ ತಂದೆ. ಆದರೆ ಮನೆಯಲ್ಲಿ ಒಂದು ಕಡ್ಡಿಪೆಟ್ಟಿಗೆ ಇರಬೇಕಲ್ಲ! ಒಲೆಗೂ ಲೈಟರು, ದೇವರ ದೀಪಕ್ಕೂ ಲೈಟರು. ಈ ಕಾಲ ಎಷ್ಟು ಮುಂದುವರಿದಿದೆಯೆಂದರೆ ಒಂದು ಹುಳಕ್ಕೆ ಮನೆ ಸಿಗುವುದಿಲ್ಲ. ಕೊನೆಗೆ ದೇವರಕೋಣೆಯ ಮೂಲೆಯಲ್ಲಿ ಖಾಲಿ ಬಿದ್ದಿದ್ದ ಹಳೆಯ ಹಿತ್ತಾಳೆ ಕುಂಕುಮ ಭರಣಿ ಸಿಕ್ಕಿತು. ಹುಳವನ್ನು ಅದರಲ್ಲಿ ಇಳಿಸಿ, ಕರಿಕೆ ಹಾಸಿ, ಮುಚ್ಚಳ ಓರೆ ಮಾಡಿ, ಅಂಗಡಿಗೆ ಹೋದೆ. ಮೊದಲ ಮಳೆಯ ದಿನ ಬೀಜದ ಅಂಗಡಿಯಲ್ಲಿ ಸ್ವಂತ ಹೆಸರೇ ನೆನಪಿರುವುದಿಲ್ಲ, ಇನ್ನು ಹುಳ ಎಲ್ಲಿ ನೆನಪಿರಬೇಕು?

ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ ಧೋ ಎಂದು ಸುರಿಯಿತು. ಕರೆಂಟು ಹೋಯಿತು. ಆಗ ಮಾಮಾನ ಫೋನು ಬಂತು: “ಈರಣ್ಣಾ, ಯಲ್ಲಮ್ಮನ ಗುಡ್ಡಕ್ಕ ಗಾಡಿ ಮ್ಯಾಲೆ ಬಂದಿದ್ವಿ. ಹೊಳ್ಳಿ ಹೋಗೂ ಮುಂದ ಮಳಿ ಹಿಡದೈತಿ. ನಿಮ್ಮ ಓಣಿ ತುದ್ಯಾಗ ಗಿಡದ ಬುಡಕ ನಿಂತೇವಿ.” ಹಿಂದಿನಿಂದ ಅಕ್ಕನ ದನಿ: “ಮಳಿ ನಿಂತ ಕೂಡ್ಲೆ ಹೋಗತೇವಂತ ಹೇಳ್ರಿ ಅವಂಗ.”

ಇದ್ದೊಂದು ಛತ್ರಿ ಹಿಡಿದು ಓಡಿದೆ. ಒಂದು ಛತ್ರಿಯಡಿ ಮೂವರು ಬಂದದ್ದರಿಂದ ಮೂವರೂ ಸರಿಸಮ ತೊಯ್ದೆವು. ಮೂರು ವರ್ಷದ ಮೇಲೆ ಅಕ್ಕ ನಮ್ಮ ಹೊಸ್ತಿಲು ದಾಟಿದಳು, ಆದರೆ ಕುರ್ಚಿಗೆ ಬೆನ್ನು ತಾಗಿಸದೆ, ಬಸ್‌ಸ್ಟ್ಯಾಂಡಿನಲ್ಲಿ ಕೂತಂತೆ ತುದಿಯಲ್ಲಿ ಕೂತಳು. ಅವಳು ಹಣೆಗೆ ಅಂಟಿಸಿಕೊಂಡಿದ್ದ ಟಿಕಳಿ ಮಳೆಗೆ ಎಲ್ಲೋ ಉದುರಿ ಹೋಗಿತ್ತು. ಈ ಮಳೆ ನಿಲ್ಲುವಷ್ಟರಲ್ಲಿ ಅವಳು ನನ್ನೊಡನೆ ಒಂದು ಮಾತಾದರೂ ನೇರವಾಗಿ ಆಡಬೇಕು, ಇಲ್ಲದಿದ್ದರೆ ಇನ್ನೆಂದೂ ಆಡಲಿಕ್ಕಿಲ್ಲ ಎಂದು ಕಿಟಕಿಯಾಚೆಯ ಮಳೆಯನ್ನೇ ನೋಡುತ್ತಿದ್ದೆ. ಸರೋಜಾ ಗಡಬಡಿಸಿ ಮಿರ್ಚಿ ಭಜಿ ಕರಿದಳು. ಮಳೆ, ಬಿಸಿ ಭಜಿ, ಸ್ಟೀಲ್ ಲೋಟದಲ್ಲಿ ಹೊಗೆಯಾಡುವ ಚಹಾ, ಇಷ್ಟಿದ್ದರೆ ಎಂಥ ವೈರಿಯೂ ಕರಗುತ್ತಾನೆ ಎಂಬುದು ನನ್ನ ನಂಬಿಕೆ. ಅಕ್ಕ ಎರಡನೆಯ ಭಜಿ ಮುರಿಯುತ್ತ, “ಭಜಿ ತಿಂದಳಂದ ಕೂಡ್ಲೆ ಸಿಟ್ಟು ಇಳೀತಂತ ತಿಳೀಬ್ಯಾಡ ಅಂತ ಹೇಳ್ರಿ ಅವಂಗ,” ಎಂದಳು. ಮಾಮಾ ಬಾಯಿ ತುಂಬ ಭಜಿ ಇಟ್ಟುಕೊಂಡೇ, “ಇಳದಿಲ್ಲಂತ,” ಎಂದರು. ಅಕ್ಕ ಐದು ತಿಂದಳು. ಸಿಟ್ಟು ಇದ್ದಲ್ಲೇ ಇತ್ತು.

ಮಳೆ ಸಣ್ಣಗಾಯಿತು. ಅಕ್ಕ ಎದ್ದೇಬಿಟ್ಟಳು. “ಅಕ್ಕಾರ, ಬರೇ ಹಣೀಲೆ ಹೋಗಬ್ಯಾಡ್ರಿ, ಕುಂಕುಮಾ ಹಚ್ಚತೇನಿ ನಿಂದರ್ರಿ,” ಎಂದು ಸರೋಜಾ ದೇವರಕೋಣೆಗೆ ಹೋದಳು. ಕತ್ತಲಲ್ಲಿ ಕೈಗೆ ಸಿಕ್ಕ ಭರಣಿ ಹಗುರಿದೆಯೆಂದು ಪಾಕೀಟಿನಿಂದ ಒಂದಿಷ್ಟು ಕುಂಕುಮ ಸುರಿದು, ಬೆರಳದ್ದಿಕೊಂಡು ಬಂದಳು. ಅವಳ ಎಡಗೈಯಲ್ಲಿದ್ದ ಭರಣಿ ನನ್ನ ಕಣ್ಣಿಗೆ ಬಿದ್ದದ್ದು, ಅವಳ ಬಲಗೈ ಅಕ್ಕನ ಹಣೆ ಮುಟ್ಟಿದ್ದು ಒಂದೇ ಕ್ಷಣಕ್ಕೆ. “ಸರೋಜಾ, ಆ ಭರಣಿ...” ಎನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಅಕ್ಕನ ಒದ್ದೆ ಹಣೆಯ ನಡುಮಧ್ಯೆ ದುಂಡಗೆ, ಕೆಂಪಗೆ, ಉಬ್ಬಿಕೊಂಡು ಒಂದು ಕುಂಕುಮ ಕೂತಿತ್ತು. ಅಷ್ಟು ಚೆಂದದ ಕುಂಕುಮವನ್ನು ತಾನು ಮದುವೆಯಲ್ಲೂ ಯಾರಿಗೂ ಹಚ್ಚಿರಲಿಲ್ಲ ಎಂದು ಸರೋಜಾ ಆಮೇಲೆ ಹೇಳಿದಳು.

ಹುಳದ ಸ್ವಭಾವ ನಿಮಗೆ ಹೇಳಿದ್ದೇನೆ. ಗದ್ದಲ ನಿಂತಿತೆಂದು ಅದಕ್ಕೆ ಖಾತ್ರಿಯಾಯಿತು. ಕುಂಕುಮ ಒಮ್ಮೆ ಮೈ ಕೊಡವಿ, ಎಂಟು ಕಾಲು ಹೊರಗೆ ತೆಗೆದು, ಎಡಹುಬ್ಬಿನ ಕಡೆ ಹೊರಟಿತು. ಮೊದಲು ನೋಡಿದವರು ಮಾಮಾ. ಚಹಾದ ಲೋಟ ತುಟಿಯ ಹತ್ತಿರ ನಿಂತಿತು. ಆದರೆ ಮೂವತ್ತು ವರ್ಷದ ಸಂಸಾರದ ಅನುಭವ ಸಣ್ಣದೇ? ಅವರು ಇನ್ನೊಂದು ಗುಟುಕು ಚಹಾ ಕುಡಿದರು. “ಏನೋ ಹರದಂಗ ಆಗಾಕ ಹತ್ತೇತಿ, ನೋಡ್ರಿ,” ಎಂದಳು ಅಕ್ಕ. “ಏನಿಲ್ಲ,” ಎಂದರು ಮಾಮಾ. ಆಗ ಸರೋಜಾ ನೋಡಿದಳು. “ಅಯ್ಯ ಶಿವನ! ಕುಂಕುಮಾ ನಡ್ಯಾಕ ಹತ್ತೇತ್ರೀ!”

ಅಕ್ಕ ಕಿರುಚಲಿಲ್ಲ. ಹುಬ್ಬಿನ ಹತ್ತಿರ ಮೆಲ್ಲಗೆ ಬೆರಳಿಟ್ಟಳು. ಹುಳ ಬೆರಳು ಹತ್ತಿತು. ಬೆರಳನ್ನು ಕಣ್ಣ ಮುಂದೆ ತಂದು ನೋಡಿದಳು. ಆಮೇಲೆ ಭರಣಿಯೊಳಗೆ ಇಣುಕಿ ಕರಿಕೆಯ ಎಸಳು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ತವರಿಲ್ಲ ಎನ್ನುತ್ತಾಳೆ ಎಂದುಕೊಂಡೆ.

“ಈರ್ಯಾ!” ಎಂದಳು ಅಕ್ಕ. “ಬೋಳ ತಲಿ ಆದ್ರೂ ಇದನ್ನ ಬಿಟ್ಟಿಲ್ಲೇನಲೇ ನೀ?”

ಮಾಮಾ ರೂಢಿಯ ಮೇಲೆ ನನ್ನ ಕಡೆ ತಿರುಗಿ, “ಇನ್ನೂ ಬಿಟ್ಟಿಲ್ಲೇನಂತ ಕೇಳಾಕ ಹತ್ಯಾಳ,” ಎಂದರು.

“ನೀವು ಸುಮ್ಮಿರ್ರಿ! ನಾ ನನ್ನ ತಮ್ಮನ ಕೂಡ ಮಾತಾಡಾಕ ಹತ್ತೇನಿ!” ಎಂದು ಅಕ್ಕ ನಗತೊಡಗಿದಳು. ಅವಳ ನಗು ಮೊದಲಿನಿಂದಲೂ ಹಾಗೆಯೇ, ಒಮ್ಮೆ ಶುರುವಾದರೆ ಕಣ್ಣಲ್ಲಿ ನೀರು ಬರುವ ತನಕ ನಿಲ್ಲುವುದಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಅದು ನಗುವಿನದ್ದೇ ಎಂದು ನಾನು ಯಾರಿಗೂ ವಾದಿಸಲಿಲ್ಲ. ಮೂರು ವರ್ಷ ಆ ಬೈಗುಳಕ್ಕೆ ನಾನು ಹಸಿದಿದ್ದೆ.

ಸಂತೋಷದ ಭರದಲ್ಲಿ ಅಕ್ಕ “ಒಂದ ಕಡ್ಡಿಪೆಟ್ಟಿಗಿ ತರ್ರಿ” ಎಂದಳು. ಅಷ್ಟೇ ಭರದಲ್ಲಿ ಮಾಮಾ ಅಂಗಿಯ ಒಳಗಿಸೆಯಿಂದ ಒಂದು ತೆಗೆದು ಕೊಟ್ಟರು. ಕೊಟ್ಟ ಮೇಲೆ ಅವರಿಗೆ ನೆನಪಾಯಿತು, ತಾವು ಬೀಡಿ ಬಿಟ್ಟು ಎರಡು ವರ್ಷವಾಗಿದೆ ಎಂದು. “ಇದು... ಗುಡ್ಡದಾಗ ದೀಪಾ ಹಚ್ಚಾಕ,” ಎಂದರು. “ಕಟಕೋಳಕ್ಕ ನಡೀರಿ, ದೀಪಾ ಹಚ್ಚತೇನಿ ನಿಮಗ,” ಎಂದಳು ಅಕ್ಕ. ಕಡ್ಡಿಗಳನ್ನು ಸುರುವಿ, ಹುಳವನ್ನು ಪೆಟ್ಟಿಗೆಯೊಳಗೆ ಇಳಿಸುತ್ತ ನನ್ನ ಕಡೆ ನೋಡದೆ ಹೇಳಿದಳು: “ಕೊಡಾ ಯಾರರೆ ಹಿಡೀಲಿ, ಅದು ಹೋತು. ಆದ್ರ ನಾ ಎಂಟ ದಿನಾ ಗುಲಗಂಜಿಗೆ ಕರಕಿ ತಿನಿಸಿದ್ದು ಮಾತ್ರ ಮರತಿಲ್ಲ ಈರ್ಯಾ.”

ನಾನು ಲೋಟ ಕೆಳಗಿಟ್ಟೆ. “ನಿನಗ ಗೊತ್ತಿತ್ತಾ ಅಕ್ಕಾ?”

“ಹೂಳೂ ಮುಂದ ಗೊತ್ತಾತು. ನೀ ಅಳಾಕ ಹತ್ತಿದ್ದಿ, ಅದಕ್ಕ ಸುಮ್ಮನಾದೆ.”

ಆಮೇಲೆ “ನಿಮ್ಮ ಮನಿ ಕುಂಕುಮಾ ನಂಬೂಹಂಗಿಲ್ಲ ಬಿಡವಾ” ಎಂದು ಸರೋಜಾಳಿಗೆ ಹೇಳಿ, ತನ್ನ ಚೀಲದಿಂದ ಟಿಕಳಿ ಪಾಕೀಟು ತೆಗೆದುಕೊಂಡು, ಕಡ್ಡಿಪೆಟ್ಟಿಗೆ ಹಿಡಿದೇ ಕನ್ನಡಿಯ ಮುಂದೆ ಹೋದಳು. ಬಂದು, ಮುಚ್ಚಿದ ಕಡ್ಡಿಪೆಟ್ಟಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು. “ತಗೋ, ನೀನಽ ಸಾಕು. ಅಂಜೇತಿ ಅದು, ಭಾಳ ಮುಟ್ಟಬ್ಯಾಡ.” ನಾನು ಎಂಟು ವರ್ಷದವನಾಗಿ ತಲೆಯಾಡಿಸಿದೆ.

ಎರಡು ದಿನ ಆ ಹುಳವನ್ನು ಹಿಂದೆ ಯಾವ ಹುಳವನ್ನೂ ನೋಡಿಕೊಳ್ಳದಷ್ಟು ಪ್ರೀತಿಯಿಂದ ನೋಡಿಕೊಂಡೆ. ಹೊತ್ತಿಗೊಂದು ಎಳೆ ಕರಿಕೆ ಹಾಕಿದೆ. ಪೆಟ್ಟಿಗೆ ತೆರೆದಾಗೆಲ್ಲ ಕಾಲು ಮುದುಡಿಕೊಂಡು, ಕೆಂಪಗೆ ದುಂಡಗೆ ಕೂತಿರುತ್ತಿತ್ತು. ಒಮ್ಮೆಯೂ ನಡೆಯಲಿಲ್ಲ. ಅಷ್ಟು ಜನರ ಮುಂದೆ ನಡೆದ ದಣಿವಿರಬೇಕು ಎಂದುಕೊಂಡೆ. ಮೂರನೆಯ ದಿನ ಬದುವಿಗೆ ಬಿಡಲು ಹೊರಟಾಗ, ಹುಳ ಎಂದರೆ ಮಾರು ದೂರ ಸರಿಯುವ ಸರೋಜಾ ಯಾಕೋ ತಾನೇ ಹತ್ತಿರ ಬಂದು, ಚಷ್ಮಾ ಏರಿಸಿಕೊಂಡು ಪೆಟ್ಟಿಗೆಯೊಳಗೆ ನೋಡಿದಳು. ಬೆರಳಿನಿಂದ ಒತ್ತಿದಳು. ಹುಳ ಅವಳ ಬೆರಳಿಗೆ ಹತ್ತಿಕೊಂಡು ಮೇಲೆ ಬಂತು.

“ರೀ, ಮಿರಗದ ಹುಳಕ್ಕ ಅಂಟು ಇರತೈತೇನ್ರಿ?”

ಮಖಮಲ್ಲಿನ ಟಿಕಳಿ. ಅದೇ ಕೆಂಪು, ಅದೇ ಗಾತ್ರ. ನಾನು ಬಾಯಿ ತೆರೆದು ನಿಂತಿರುವಾಗಲೇ ಫೋನು ಹೊಡೆದುಕೊಂಡಿತು. ನಡುವೆ ಮಾಮಾ ಇರಲಿಲ್ಲ. “ಈರ್ಯಾ, ಹುಳಾ ಕರಕಿ ತಿನ್ನಾಕ ಹತ್ತೇತೇನೋ?” ಎಂದಳು ಅಕ್ಕ. ಹಿಂದಿನಿಂದ ಮಾಮಾ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. “ನಿನ್ನ ಹುಳಾ ನನ್ನ ಎಲಿಅಡಿಕಿ ಡಬ್ಬ್ಯಾಗ ಕಟಕೋಳಕ್ಕ ಬಂದು, ನಮ್ಮ ಹೊಲದಾಗ ಐತಿ. ಪಂಚಮಿಗೆ ನಾ ಬರತೇನಿ. ಉಂಡಿ ಕಟ್ಟಿಸಿ ಇಡು.”

ಅಂದು ಅಂಗಡಿ ತೆರೆಯುವುದಕ್ಕೆ ಪುರುಸೊತ್ತಿಲ್ಲ, ಒಬ್ಬ ರೈತ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. “ಈರಣ್ಣಾರ, ಇದು ಯಾವ ಹುಳಾ ನೋಡ್ರಿ, ನೀವು ತಪ್ಪಾವ್ರಲ್ಲ,” ಎಂದ. ನಾನು ಕುರ್ಚಿಯಿಂದ ಎದ್ದು, ಚಷ್ಮಾ ಹಾಕಿಕೊಂಡು, ಚೀಲದ ಗಂಟು ಬಿಚ್ಚಿ, ಮೊದಲು ಅದರ ಹಿಂದೆ ಅಂಟು ಇದೆಯೇನೋ ಎಂದು ತಿರುವಿ ನೋಡಿದೆ.